ನನ್ನ ಪುಣ್ಯ, ಅವರ ಗ್ರಹಚಾರ

ನಮ್ಮನೆಯ ಸಣ್ಣ ರೂಮಿನಲ್ಲಿ ನಾಲ್ಕು ಗಾಂಜಾ ಗಿಡಗಳಿವೆ. ಗಾಬರಿಯಾಗಬೇಡಿ, ನಾನಿರೋದು ಕೆನಡಾದ ಒಟ್ಟಾವದಲ್ಲಿ. 2018ರ ಅಕ್ಟೋಬರ್ 17ರಿಂದ ಇಲ್ಲಿ ವಯಸ್ಕರು ಗಾಂಜಾ ಕೊಳ್ಳಬಹುದು, ಇಟ್ಟುಕೊಳ್ಳಬಹುದು, ಒಂದು ಮನೆಗೆ ನಾಲ್ಕು ಗಿಡದ ತನಕ ಬೆಳೆಸಲೂಬಹುದು. ಮನೆಯಲ್ಲಿ ಎಷ್ಟೇ ಜನ ಇರಲಿ, ಲೆಕ್ಕ ನಾಲ್ಕೇ. ಬೀಜ ತಂದಿದ್ದು ಲೈಸೆನ್ಸ್ ಇರೋ ಅಂಗಡಿಯಿಂದ, ಬಿಲ್ ಇದೆ. ಬಾಡಿಗೆ ಮನೆಯಾದ್ದರಿಂದ ಓನರ್ ಹತ್ತಿರ ಇಮೇಲಿನಲ್ಲಿ ಒಪ್ಪಿಗೆಯನ್ನೂ ತಗೊಂಡಿದ್ದೀನಿ. ಓನರ್‌ಗೆ ಗೊತ್ತು, ಪಕ್ಕದ ಮನೆಯವರಿಗೆ ಗೊತ್ತು, ಪೊಲೀಸರಿಗೆ ಗೊತ್ತಾದರೂ ಚಿಂತೆಯಿಲ್ಲ. ಗೊತ್ತಿಲ್ಲದೇ ಇದ್ದದ್ದು ಅಮ್ಮನಿಗೆ ಮಾತ್ರ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮೊದಲ ಸಲ ಇಲ್ಲಿಗೆ ಬಂದಿದ್ದರು. ಆ ಐದು ತಿಂಗಳಲ್ಲಿ ನಾನು ಯೋಚಿಸಿದ್ದನ್ನ ಬರೆಯೋಕೆ ಕೂತಿದ್ದೀನಿ. ಗಾಂಜಾ ಒಳ್ಳೇದೋ ಕೆಟ್ಟದ್ದೋ ಅನ್ನೋ ವಾದ ಇದಲ್ಲ. ಹದಿಹರೆಯದಲ್ಲಿ ಶುರು ಮಾಡಿದವರಿಗೆ ಇದರಿಂದ ಹಾನಿಯ ಅಪಾಯ ಹೆಚ್ಚು, ಕೆಲವರಲ್ಲಿ ಮಾನಸಿಕ ಕಾಯಿಲೆ ಕೆರಳುತ್ತೆ, ಸೇದಿ ಗಾಡಿ ಓಡಿಸಿದರೆ ಜೀವಕ್ಕೇ ಕುತ್ತು. ಇದ್ಯಾವುದನ್ನೂ ನಾನು ಅಲ್ಲಗಳೆಯಲ್ಲ. ನನ್ನ ಪ್ರಶ್ನೆ ಬೇರೆ. ಕಾನೂನು ಸರಿ ಅಂದ ಕೂಡಲೇ ನಾನು ಸರಿಯಾಗಿಬಿಡ್ತೀನಾ?

ಮೊದಲು ಗಿಡದ ವಿಷಯ. ಒಟ್ಟಾವದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಹೊರಗೆ ಒಂದು ಹಸಿರೆಲೆ ಕಾಣೋದು ಕಷ್ಟ. ತೋಟದ ಮನೆಯಲ್ಲಿ ಬೆಳೆದವನಿಗೆ ಅದು ಒಂಥರಾ ಉಸಿರು ಕಟ್ಟಿದ ಹಾಗೆ. ಅಪ್ಪ ಹೋದ ವರ್ಷ ನಿದ್ದೆ ಸರಿಯಾಗಿ ಬರ್ತಿರಲಿಲ್ಲ. ನಿದ್ದೆಗೋಸ್ಕರ ಗಿಡ ಬೆಳೆಸಿದೆ ಅಂದರೆ ಅರ್ಧ ಸತ್ಯ. ಏನನ್ನಾದರೂ ಬೀಜದಿಂದ ಬೆಳೆಸಬೇಕು ಅನ್ನಿಸಿತ್ತು, ಅದು ಇನ್ನರ್ಧ.

ಒಂದು ಟೆಂಟ್, ಒಂದು ಎಲ್ಇಡಿ ಲೈಟ್, ಒಂದು ಸಣ್ಣ ಫ್ಯಾನ್, ಒಂದು ಟೈಮರ್. ಬೀಜವನ್ನ ಒಂದು ರಾತ್ರಿ ನೀರಲ್ಲಿ ನೆನೆಸಿ, ಒದ್ದೆ ಟಿಶ್ಯೂ ಪೇಪರಿನ ನಡುವೆ ಇಟ್ಟರೆ ಎರಡು ಮೂರು ದಿನಕ್ಕೆ ಬಿಳಿ ಬೇರಿನ ತುದಿ ಇಣುಕುತ್ತೆ. ದಿನಕ್ಕೆ ಹದಿನೆಂಟು ಗಂಟೆ ಬೆಳಕು ಕೊಟ್ಟರೆ ಗಿಡ ಬೇಸಿಗೆ ಅಂದುಕೊಂಡು ಬೆಳೀತಾ ಹೋಗುತ್ತೆ. ಹನ್ನೆರಡು ಗಂಟೆಗೆ ಇಳಿಸಿದರೆ ಚಳಿಗಾಲ ಹತ್ತಿರ ಬಂತು ಅಂದುಕೊಂಡು ಹೂ ಬಿಡುತ್ತೆ. ಅಂದರೆ ಗಿಡಕ್ಕೆ ನಾವು ಸುಳ್ಳು ಹೇಳಿ ಹೂ ಬಿಡಿಸ್ತೀವಿ.

ಮೊದಲ ಸಲ ಬಾಟಲಿಯ ರಾಸಾಯನಿಕ ಗೊಬ್ಬರ ಹಾಕಿ ಎಲೆಯ ತುದಿಯೆಲ್ಲ ಸುಟ್ಟುಕೊಂಡೆ. ಈ ಸಲ ಸಾವಯವ. ಇಲ್ಲಿ ಸಾವಯವವಾಗಿ ಗಾಂಜಾ ಬೆಳೆಸೋರು ಹೇಳೋದು ಒಂದೇ ಮಾತು, ಹೊಟ್ಟೆ ತುಂಬಿಸಬೇಕಾದ್ದು ಮಣ್ಣಿಗೆ, ಉಳಿದದ್ದನ್ನ ಮಣ್ಣೇ ನೋಡಿಕೊಳ್ಳುತ್ತೆ. ಅವರ ಪಟ್ಟಿ ಓದಿದಾಗ ನಗು ಬಂತು. ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಕಡಲಕಳೆ ಪುಡಿ, ಬೇವಿನ ಹಿಂಡಿ, ಹೊಂಗೆ ಹಿಂಡಿ. ನಮ್ಮಪ್ಪನ ತೋಟದ ಶೆಡ್ಡಿನಲ್ಲಿ ಮೂಟೆಗಟ್ಟಲೆ ಬಿದ್ದಿರುತ್ತಿದ್ದ ಹಿಂಡಿಯನ್ನ ನಾನು ಇಲ್ಲಿ ಜಿಪ್ ಇರೋ ಕವರಿನಲ್ಲಿ, ಡಾಲರ್ ಲೆಕ್ಕದಲ್ಲಿ ತಂದೆ. ಇಟ್ಟಿಗೆಯ ಹಾಗೆ ಒತ್ತಿದ ನಾರಿನ ಪುಡಿಯ ಮೇಲೆ ಇಂಡಿಯಾದಲ್ಲಿ ತಯಾರಾದದ್ದು ಅಂತ ಬರೆದಿತ್ತು. ಬಕೆಟ್‌ನಲ್ಲಿ ನೆನೆಸಿ ಕೈಯಲ್ಲಿ ಉದುರಿಸುವಾಗ ಬಂದ ವಾಸನೆಗೆ ಐದು ನಿಮಿಷ ಸುಮ್ಮನೆ ಕೂತುಬಿಟ್ಟೆ.

ಅಮ್ಮ ಬಂದಾಗ ಗಿಡಗಳಿಗೆ ಆರು ವಾರ. ಟೆಂಟಿನ ಜಿಪ್ ಎಳೆದು ನೋಡಿದರು.

"ಯಾವ್ ಗಿಡ್ವೋ ಇದು? ಪುಂಡಿ ಸೊಪ್ಪಿದ್ದಂಗೈತೆ."

"ಇಲ್ಲಿಂದು, ಯಾವ್ದೋ ಹೂವಿನ ಗಿಡ ಅಮ್ಮ."

ಎಷ್ಟು ಸಲೀಸಾಗಿ ಬಂತು ಸುಳ್ಳು! ಹೇಳೋ ಅಗತ್ಯವೇ ಇರಲಿಲ್ಲ. ಅಮ್ಮ ಪಾಪ, ನಂಬಿ ಗಿಡಗಳನ್ನ ತಮ್ಮ ಸುಪರ್ದಿಗೆ ತಗೊಂಡರು. ಕುಂಡದ ಮೇಲೆ ಸಣ್ಣ ಸಣ್ಣ ನೊಣ ಹಾರಾಡ್ತಿದ್ದದ್ದನ್ನ ನೋಡಿ, "ನೀರ್ ಜಾಸ್ತಿ ಆಗೈತೆ ಕಣೋ, ಬೇರು ಉಸ್ರಾಡಾದ್ ಬ್ಯಾಡ್ವಾ?" ಅಂತ ಬೈದು ನೀರಿನ ಜಗ್ ಕಿತ್ತುಕೊಂಡರು. ವಾರದಲ್ಲಿ ನೊಣ ಕಡಿಮೆಯಾಯಿತು. ಅಕ್ಕಿ ತೊಳೆದ ನೀರು ಸಿಂಕಿಗೆ ಹೋಗೋದು ನಿಂತು ಕುಂಡಕ್ಕೆ ಹೋಯಿತು. ನಾನು ಆಫೀಸಿಗೆ ಹೋದ ಮೇಲೆ ಮಾತಾಡೋಕೆ ಯಾರೂ ಇಲ್ಲದ ಊರಲ್ಲಿ ಅಮ್ಮನಿಗೆ ಆ ನಾಲ್ಕು ಗಿಡವೇ ಜೊತೆ. ದಿನಾ ಸಂಜೆ ಬಂದಾಗ ಗಿಡದ ವರದಿ ಸಿಗುತ್ತಿತ್ತು. ಕೇಳಿಸಿಕೊಳ್ಳುವಾಗೆಲ್ಲ ಒಳಗೆ ಮುಳ್ಳು ಆಡುತ್ತಿತ್ತು.

ಮುಳ್ಳಿಗೆ ಕಾರಣ ಸುಳ್ಳು ಮಾತ್ರ ಅಲ್ಲ, ಊರಿನ ಒಬ್ಬರು. ಹೆಸರು ಬೇಡ, ಚಿಕ್ಕಂದಿನಿಂದ ಅಣ್ಣ ಅಂತ ಕರೆದಿದ್ದೀನಿ, ಇಲ್ಲೂ ಹಾಗೇ ಬರೀತೀನಿ. ಅರಸೀಕೆರೆ ಸೀಮೆಯ ನಮ್ಮೂರಲ್ಲಿ ಅಪ್ಪನ ತೆಂಗಿನ ತೋಟಕ್ಕೆ ಇಪ್ಪತ್ತು ವರ್ಷ ಕೆಲಸಕ್ಕೆ ಬಂದವರು. ಪಾತಿ ಮಾಡೋದು, ಕಾಯಿ ಕೆಡವೋದು, ಅಟ್ಟದ ಮೇಲೆ ಕೊಬ್ಬರಿಗೆ ಹಾಕೋದು, ಎಲ್ಲ ಅವರದ್ದೇ. ಹಿಂಡಿಯನ್ನ ಬುಡಕ್ಕೆ ಅಂಟಿಸಿ ಹಾಕಬಾರದು, ಬೇರಿನ ತುದಿ ಎಲ್ಲಿರುತ್ತೋ ಅಲ್ಲಿ ಹಾಕಬೇಕು ಅಂತ ನನಗೆ ಹೇಳಿಕೊಟ್ಟವರು ಅವರು.

ಅವರಿಗೆ ಸ್ವಂತದ್ದು ಅಂತ ಇದ್ದದ್ದು ಮುಕ್ಕಾಲು ಎಕರೆ ಹೊಲ, ಅದೂ ಮಳೆ ಬಂದರೆ ಬೆಳೆ. ಮೂರು ವರ್ಷದ ಹಿಂದೆ ಮುಸುಕಿನ ಜೋಳದ ಸಾಲಿನ ನಡುವೆ ಹನ್ನೊಂದು ಗಾಂಜಾ ಗಿಡ ಬೆಳೆದಿದ್ದರು. ಯಾವನೋ ಬೀಜ ಕೊಟ್ಟು, ಕಟಾವಿಗೆ ಬಂದಾಗ ತಗೊಂಡು ಹೋಗಿ ದುಡ್ಡು ಕೊಡ್ತೀನಿ ಅಂದಿದ್ದನಂತೆ. ಕಟಾವಿಗೆ ಮುಂಚೆ ಪೊಲೀಸರು ಬಂದರು. ಗಿಡ ಕಿತ್ತರು, ತೂಕ ಹಾಕಿದರು, ಕೇಸಾಯಿತು. ಜಾಮೀನು ಸಿಗೋ ಹೊತ್ತಿಗೆ ಮೂರು ತಿಂಗಳು ಜೈಲು ಕಳೆದಿತ್ತು. ಬೀಜ ಕೊಟ್ಟವನ ಸುಳಿವಿಲ್ಲ. ಕೇಸ್ ಇನ್ನೂ ನಡೀತಿದೆ, ಪ್ರತಿ ತಾರೀಖಿಗೂ ಒಂದು ದಿನದ ಕೂಲಿ ಹೋಗುತ್ತೆ, ಬಸ್ ಚಾರ್ಜ್ ಹೋಗುತ್ತೆ, ವಕೀಲರ ಫೀಸು ಬೇರೆ.

ಎನ್‌ಡಿಪಿಎಸ್ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಗಾಂಜಾ ಗಿಡ ಬೆಳೆದವರಿಗೆ ಹತ್ತು ವರ್ಷದ ತನಕ ಕಠಿಣ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ ಆಗಬಹುದು. ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದರೆ 1 ಕೆಜಿವರೆಗೆ ಒಂದು ಶಿಕ್ಷೆ, 20 ಕೆಜಿ ದಾಟಿದರೆ ಇನ್ನೊಂದು, ಹೀಗೆ ತೂಕಕ್ಕೆ ತಕ್ಕ ಮೆಟ್ಟಿಲುಗಳಿವೆ. ಗಿಡ ಬೆಳೆದದ್ದಕ್ಕೆ ಆ ಮೆಟ್ಟಿಲುಗಳಿಲ್ಲ. ಒಂದು ಗಿಡವಾದರೂ ಅದೇ ಸೆಕ್ಷನ್, ನೂರು ಗಿಡವಾದರೂ ಅದೇ.

ಈ ಸುದ್ದಿಯನ್ನ ಅಮ್ಮ ಫೋನಲ್ಲಿ ಹೇಳಿದಾಗ ಕೊನೆಗೆ ಅಂದದ್ದು, "ಅವ್ನ ಗ್ರಾಚಾರ ಕಣಪ್ಪ, ಏನ್ ಮಾಡಾದು." ನಾನೂ ಹೂಂ ಅಂದಿದ್ದೆ. ಅದೇ ವರ್ಷ ನನಗೆ ಕೆನಡಾದ ಪಿಆರ್ ಬಂದಾಗ ಅಮ್ಮ ಅಂದಿದ್ದರು, "ನಿನ್ ಪುಣ್ಯ." ಅದಕ್ಕೂ ಹೂಂ ಅಂದಿದ್ದೆ.

ಈಗ ನೀವು ಹೇಳಬಹುದು, ಇದರಲ್ಲಿ ಗೊಂದಲ ಏನಿದೆ? ನೀನು ಕಾನೂನು ಪಾಲಿಸಿದೆ, ಅವರು ಮುರಿದರು. ಅಲ್ಲಿಗೆ ಮುಗೀತು. ನಾನೂ ಇದನ್ನ ನನಗೆ ನಾನೇ ಸುಮಾರು ಸಲ ಹೇಳಿಕೊಂಡಿದ್ದೀನಿ. ಸುಲಭವಾಗಿ ತಳ್ಳಿಹಾಕೋ ಮಾತಲ್ಲ ಇದು. ಒಬ್ಬೊಬ್ಬರೂ ತಮಗೆ ಇಷ್ಟವಾದ ಕಾನೂನು ಮಾತ್ರ ಪಾಲಿಸ್ತೀನಿ ಅಂದರೆ ಊರು ಉಳಿಯಲ್ಲ.

ಕಾನೂನು ಜಾಗದಿಂದ ಜಾಗಕ್ಕೆ ಬದಲಾಗೋದು ಕೂಡ ತಪ್ಪಲ್ಲ. ಒಟ್ಟಾವ ನದಿಯ ಈ ದಡದಲ್ಲಿ ನಾನಿದ್ದೀನಿ, ಒಂಟಾರಿಯೋ ಪ್ರಾಂತ್ಯ. ಸೇತುವೆ ದಾಟಿ ನಡೆದುಕೊಂಡೇ ಆ ದಡದ ಗ್ಯಾಟಿನೋ ಊರಿಗೆ ಹೋಗಬಹುದು, ಅದು ಕ್ವಿಬೆಕ್ ಪ್ರಾಂತ್ಯ. ಅಲ್ಲಿ ಗಾಂಜಾ ಸೇದಬಹುದು, ಆದರೆ ಮನೆಯಲ್ಲಿ ಒಂದೇ ಒಂದು ಗಿಡವನ್ನೂ ಬೆಳೆಸೋ ಹಾಗಿಲ್ಲ. ಇದನ್ನ ಪ್ರಶ್ನಿಸಿದ ಕೇಸು ಸುಪ್ರೀಂ ಕೋರ್ಟ್ ತನಕ ಬಂತು. 2023ರ ಏಪ್ರಿಲ್‌ನಲ್ಲಿ ಕೋರ್ಟ್ ಕ್ವಿಬೆಕ್‌ನ ನಿಷೇಧವನ್ನ ಎತ್ತಿಹಿಡಿಯಿತು. ಆ ಕೋರ್ಟ್ ಇರೋದು ಇದೇ ಒಟ್ಟಾವದಲ್ಲಿ, ಇದೇ ನದಿಯ ದಂಡೆಯಲ್ಲಿ. ಎರಡೂ ದಡದವರು ತಮ್ಮ ತಮ್ಮ ಮನೆ ಹೇಗಿರಬೇಕು ಅಂತ ತೀರ್ಮಾನ ಮಾಡಿಕೊಂಡಿದ್ದಾರೆ, ಮಾಡಿಕೊಳ್ಳಲಿ.

ಆದರೆ ಆ ದಡದಲ್ಲಿ ನಾನು ಒಂದು ಗಿಡ ಇಟ್ಟು ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 250ರಿಂದ 750 ಡಾಲರ್ ದಂಡ. ಬೈಕೊಂಡು ಕಟ್ಟಿ ಮನೆಗೆ ಬರ್ತೀನಿ, ಮಾರನೇ ದಿನ ಆಫೀಸಿಗೆ ಹೋಗ್ತೀನಿ. ಅಣ್ಣ ಬಿದ್ದದ್ದು ಇನ್ನೂ ಏಳೋಕಾಗದ ಆಳಕ್ಕೆ. ಹಾಗಾಗಿ ನನ್ನನ್ನ ಕಾಡಿದ್ದು ಕಾನೂನು ಬೇರೆ ಬೇರೆ ಇರೋದಲ್ಲ. ಒಂದೇ ಥರದ ತಪ್ಪು ಹೆಜ್ಜೆಗೆ ಯಾರು ಎಷ್ಟು ಆಳಕ್ಕೆ ಬೀಳ್ತಾರೆ ಅನ್ನೋದು.

ಇನ್ನು ಗಿಡದ ಪಾಪ-ಪುಣ್ಯದ ಮಾತು. ಈ ಗಿಡ ಪಾಪದ್ದು ಅಂತ ನಮ್ಮ ನಾಡು ಮೊದಲಿಂದ ಅಂದುಕೊಂಡಿರಲಿಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಇದನ್ನ ಪ್ರಸಾದ ಅಂತ ತಗೊಳ್ಳೋರಿದ್ದಾರೆ. ಬ್ರಿಟಿಷರು 1893-94ರಲ್ಲಿ ಇದರ ತನಿಖೆಗೇ ಒಂದು ಆಯೋಗ ಮಾಡಿದ್ದರು, ಮಿತವಾಗಿ ಬಳಸೋರಿಗೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ ಅಂತ ಅದು ವರದಿ ಕೊಟ್ಟಿತು. 1961ರ ವಿಶ್ವಸಂಸ್ಥೆಯ ಒಪ್ಪಂದ ಆದಮೇಲೆ, ಅದಕ್ಕೆ ತಕ್ಕ ಹಾಗೆ 1985ರಲ್ಲಿ ನಮ್ಮ ಎನ್‌ಡಿಪಿಎಸ್ ಕಾಯ್ದೆ ಬಂತು. ಅದರಲ್ಲೂ ಗಾಂಜಾ ಅಂದರೆ ಹೂವಿನ ತುದಿ, ಬರೀ ಎಲೆ ಆ ಲೆಕ್ಕಕ್ಕೆ ಬರಲ್ಲ. ಹಾಗಾಗಿಯೇ ಉತ್ತರದ ಕೆಲವು ರಾಜ್ಯಗಳಲ್ಲಿ ಸರ್ಕಾರದ ಲೈಸೆನ್ಸ್ ಪಡೆದ ಭಾಂಗ್ ಅಂಗಡಿಗಳಿವೆ. ಹುಟ್ಟಿದ ಊರು, ಹುಟ್ಟಿದ ವರ್ಷ, ಗಿಡದ ಯಾವ ಭಾಗ, ಇವುಗಳ ಮೇಲೆ ಒಬ್ಬ ಭಕ್ತನೋ ಅಪರಾಧಿಯೋ ನನ್ನ ಹಾಗೆ ಹವ್ಯಾಸಿಯೋ ಆಗ್ತಾನೆ.

ತತ್ತ್ವಶಾಸ್ತ್ರದಲ್ಲಿ ಈ ಪ್ರಶ್ನೆಗೆ ಒಂದು ಹೆಸರೇ ಇದೆ, ಮಾರಲ್ ಲಕ್, ಅಂದರೆ ನೈತಿಕ ಅದೃಷ್ಟ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಇದರ ಬಗ್ಗೆ ಚರ್ಚೆ ಹುಟ್ಟುಹಾಕಿದರು. ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ನಮ್ಮನ್ನ ಹೊಗಳೋದು, ತೆಗಳೋದು ಎಷ್ಟು ಸರಿ ಅನ್ನೋದು ಅದರ ತಿರುಳು. ಇಬ್ಬರು ಕುಡಿದು ಗಾಡಿ ಓಡಿಸ್ತಾರೆ, ಒಬ್ಬನ ಗಾಡಿಗೆ ಮಗು ಅಡ್ಡ ಬರುತ್ತೆ, ಇನ್ನೊಬ್ಬನಿಗೆ ರಸ್ತೆ ಖಾಲಿ ಇರುತ್ತೆ. ಮಾಡಿದ್ದು ಒಂದೇ, ಒಬ್ಬ ಕೊಲೆಗಾರ, ಇನ್ನೊಬ್ಬ ಮನೆಗೆ ಹೋಗಿ ಮಲಗ್ತಾನೆ. ನಮ್ಮ ಭಾಷೆಗೆ ಇದು ಹೊಸದೇನಲ್ಲ. ಪುಣ್ಯ, ಗ್ರಹಚಾರ ಅಂತ ಎರಡು ಪದ ಇಟ್ಟುಕೊಂಡು ಅಮ್ಮನಂಥವರು ಎಂದಿನಿಂದಲೋ ಇದನ್ನೇ ಮಾತಾಡ್ತಿದ್ದಾರೆ.

ನನಗೆ ಅನುಮಾನ ಬಂದದ್ದು ಆ ಎರಡು ಪದಗಳ ಮೇಲೇ.

ಯಾಕೆ ಅಂದರೆ, ನಾನು ಕಾನೂನು ಪಾಲಿಸಿದವನು ಅನ್ನೋದೇ ನಿಜ ಅಲ್ಲ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದಾಗ ಶುಕ್ರವಾರ ಸಂಜೆ ನಾವು ನಾಲ್ಕು ಜನ ದುಡ್ಡು ಸೇರಿಸ್ತಿದ್ದೆವು. ಒಬ್ಬ ಸ್ಕೂಟರಿನಲ್ಲಿ ಹೋಗಿ ನ್ಯೂಸ್‌ಪೇಪರಿನ ಪೊಟ್ಟಣ ತರುತ್ತಿದ್ದ. ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಹಿಂದೆ. ಅದೂ ಅಪರಾಧವೇ. ಅದೇ ಕಾಯ್ದೆಯ 27ನೇ ಸೆಕ್ಷನ್ನಿನಲ್ಲಿ ಸೇದಿದವನಿಗೂ ಆರು ತಿಂಗಳ ತನಕ ಜೈಲು ಇದೆ. ಎರಡು ವರ್ಷ ಮುರಿದ ಕಾನೂನು ಅದು, ಸಿಕ್ಕಿಬೀಳಲಿಲ್ಲ ಅಷ್ಟೇ. ಸಿಕ್ಕಿಬಿದ್ದಿದ್ದರೂ ಅಪ್ಪ ರಾತ್ರೋರಾತ್ರಿ ಬಸ್ ಹತ್ತಿ ಬರುತ್ತಿದ್ದರು, ಪರಿಚಯದ ವಕೀಲರು ಸಿಗುತ್ತಿದ್ದರು. ಕಾಲೇಜು ಹುಡುಗ, ಭವಿಷ್ಯ ಇದೆ ಅಂತ ಎಲ್ಲರೂ ನನ್ನ ಪರ ಮಾತಾಡುತ್ತಿದ್ದರು. ಅಣ್ಣನ ಭವಿಷ್ಯದ ಬಗ್ಗೆ ಯಾರೂ ಮಾತಾಡಿದ್ದು ನನಗೆ ಗೊತ್ತಿಲ್ಲ.

ಇನ್ನೊಂದು ವಾದ ಉಳಿದಿತ್ತು. ನಾನು ನನಗೋಸ್ಕರ ಬೆಳೀತಿದ್ದೀನಿ, ಅವರು ಮಾರೋಕೆ ಬೆಳೆದರು. ಸರಿ, ಮಾರೋಕೆ ಅಂದರೆ ಯಾರಿಗೆ? ಆ ನ್ಯೂಸ್‌ಪೇಪರ್ ಪೊಟ್ಟಣದ ಒಳಗಿದ್ದದ್ದು ಎಲ್ಲಾದರೂ ಬೆಳೆದಿರಲೇಬೇಕಲ್ಲ? ಯಾವುದೋ ಜೋಳದ ಸಾಲಿನ ನಡುವೆ, ಯಾವನೋ ಕೊಟ್ಟ ಬೀಜದಿಂದ, ಸಾಲ ಇದ್ದ ಯಾರೋ ಬೆಳೆದಿದ್ದರು. ಆ ಸರಪಳಿಯ ಒಂದು ತುದಿಯಲ್ಲಿ ಹೊಲ ಇತ್ತು, ಇನ್ನೊಂದು ತುದಿಯಲ್ಲಿ ನಮ್ಮ ಟೆರೇಸು. ನಮ್ಮಂಥವರು ಕೊಳ್ಳದೇ ಇದ್ದಿದ್ದರೆ ಅಣ್ಣನ ಹೊಲಕ್ಕೆ ಬೀಜ ಹಿಡಿದುಕೊಂಡು ಯಾರೂ ಬರುತ್ತಿರಲಿಲ್ಲ. ಜೈಲಿಗೆ ಹೋದದ್ದು ಬೆಳೆದವರು. ಕೊಂಡವನು ಕೆನಡಾಕ್ಕೆ ಬಂದು ಸಾವಯವ ಗೊಬ್ಬರದ ಬಗ್ಗೆ ಓದ್ತಾ ಕೂತಿದ್ದಾನೆ.

ಇಲ್ಲಿಗೆ ಬಂದಾಗ ಪುಣ್ಯ ಅನ್ನೋ ಪದ ನನ್ನ ಬಾಯಲ್ಲಿ ಕಹಿಯಾಯಿತು. ಅದೃಷ್ಟ ಇರೋದು ನಿಜ. ಆದರೆ ಅದಕ್ಕೆ ಪುಣ್ಯ ಅಂತ ಹೆಸರಿಟ್ಟ ಕೂಡಲೇ ಅದು ನಾನು ಸಂಪಾದಿಸಿದ್ದು ಅಂತ ಆಗಿಬಿಡುತ್ತೆ. ಅವರದ್ದಕ್ಕೆ ಗ್ರಹಚಾರ ಅಂದ ಕೂಡಲೇ ಅದು ಆಕಾಶದಿಂದ ಬಿದ್ದದ್ದು, ನಮ್ಮ್ಯಾರಿಗೂ ಸಂಬಂಧವಿಲ್ಲದ್ದು ಆಗಿಬಿಡುತ್ತೆ. ಗ್ರಹಚಾರಕ್ಕೆ ಯಾರೂ ಬಾಕಿ ಕೊಡಬೇಕಾಗಿಲ್ಲ ನೋಡಿ. ಎಷ್ಟು ಅನುಕೂಲದ ಪದ!

ನವೆಂಬರ್ ಮಧ್ಯಕ್ಕೆ ಗಿಡಗಳು ಹೂ ಬಿಟ್ಟಿದ್ದವು, ವಾಸನೆ ಶುರುವಾಗಿತ್ತು. ಅಮ್ಮನಿಗೆ ಎಲ್ಲ ಹೇಳಬೇಕು ಅಂತ ಒಂದು ವಾರದಿಂದ ತಯಾರಾಗುತ್ತಿದ್ದೆ. ಅಷ್ಟರಲ್ಲಿ ಒಂದು ಶನಿವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಅಮ್ಮನೇ ಕೇಳಿದರು.

"ಅದು ಭಂಗಿ ಸೊಪ್ಪಲ್ವೇನೋ?"

ಧೈರ್ಯ ಮಾಡಿ ಸತ್ಯ ಹೇಳಿದೆ ಅನ್ನೋ ಹೆಮ್ಮೆಯೂ ನನಗೆ ಸಿಗಲಿಲ್ಲ. ಹೌದು ಅಂದೆ. ಇಲ್ಲಿ ಇದಕ್ಕೆ ಪರ್ಮಿಷನ್ ಇದೆ ಅಂತ ವಿವರಿಸೋಕೆ ಹೋದೆ. ಅಮ್ಮ ಅದನ್ನ ಕೇಳಿಸಿಕೊಳ್ಳಲಿಲ್ಲ. ಅವರ ತಾತನ ಹಿತ್ತಲಲ್ಲೂ ಇತ್ತಂತೆ, ದನಕ್ಕೆ ಹೊಟ್ಟೆ ಕೆಟ್ಟರೆ ಅರೆದು ಕುಡಿಸುತ್ತಿದ್ದರಂತೆ. ಅಷ್ಟು ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಅವ್ನು ಬೆಳ್ದಿದ್ದೂ ಇದ್ನೇನಾ?"

"ಹೂಂ. ಇದ್ನೇ."

ಆಮೇಲೆ ಎರಡು ದಿನ ಅಮ್ಮ ಆ ರೂಮಿಗೆ ಹೋಗಲಿಲ್ಲ. ಗಿಡಕ್ಕೆ ನಾನೇ ನೀರು ಹಾಕಿದೆ. ಮೂರನೇ ದಿನ ರಾತ್ರಿ ಊಟ ಬಡಿಸುವಾಗ, ನನ್ನ ಮುಖ ನೋಡದೆ ಹೇಳಿದರು. "ಅವ್ನು ಜೈಲಲ್ಲಿದ್ದಾಗ ಹೆಂಡ್ತಿ ಬಂದಿದ್ಲು, ಲಾಯರ್ ಫೀಸಿಗೆ ಹತ್ ಸಾವ್ರ ಕೇಳ್ಕೊಂಡು. ಇದ್ರೂ ಇಲ್ಲ ಅಂದೆ. ಆಮೇಲೆ ಅವ್ನ ಕೆಲ್ಸಕ್ಕೂ ಕರೀಲಿಲ್ಲ, ಪೊಲೀಸ್ನೋರ ಸವಾಸ ಯಾಕೆ ಅಂತ."

ಇದನ್ನ ನನಗೆ ಯಾವತ್ತೂ ಹೇಳಿರಲಿಲ್ಲ. ನನ್ನ ಹತ್ತಿರ ಒಂದು ಸುಳ್ಳಿತ್ತು, ಅಮ್ಮನ ಹತ್ತಿರ ಒಂದು. ಇಬ್ಬರೂ ಮುಚ್ಚಿಟ್ಟದ್ದು ಒಬ್ಬರೇ ಮನುಷ್ಯನಿಗೆ ಸಂಬಂಧಪಟ್ಟದ್ದು. ಅಮ್ಮನನ್ನ ಬೈಯೋ ಯೋಗ್ಯತೆ ನನಗಿರಲಿಲ್ಲ. ಸುದ್ದಿ ಗೊತ್ತಾದ ಮೂರು ವರ್ಷದಲ್ಲಿ ನಾನು ಅಣ್ಣನಿಗೆ ಒಂದು ಫೋನ್ ಮಾಡಿರಲಿಲ್ಲ.

ಆ ವಾರ ಮಾಡಿದೆ. ಇಲ್ಲಿ ಚಳಿ ಎಷ್ಟಿದೆ ಅಂತ ಕೇಳಿದರು, ಅಮ್ಮನ ಮಂಡಿನೋವು ಹೇಗಿದೆ ಅಂತ ಕೇಳಿದರು. ಕೇಸಿನ ವಿಷಯ ನಾನೇ ತೆಗೆದೆ. ಇನ್ಮೇಲೆ ವಕೀಲರ ಫೀಸು ನಾನು ಕೊಡ್ತೀನಿ ಅಂದೆ. ಯಾಕೆ ಅಂತ ಕೇಳಿದರು. ಟೆರೇಸಿನ ಕಥೆ ಹೇಳಿದೆ, ಈಗ ಮನೆಯಲ್ಲಿ ಬೆಳೆದಿರೋದನ್ನೂ ಹೇಳಿದೆ.

"ಎಷ್ಟ್ ಗಿಡ?"

"ನಾಲ್ಕು."

"ಪೊಲೀಸ್ನೋರು?"

"ಇಲ್ಲಿ ಹಿಡಿಯಲ್ಲ ಅಣ್ಣ."

ತುಂಬಾ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಕೇಳಿದರು, "ಬೇವಿನ ಹಿಂಡಿ ಹಾಕಿದ್ದೀಯೇನಪ್ಪ?"

ಹಾಕಿದ್ದೀನಿ ಅಂದೆ. ದುಡ್ಡನ್ನ ಸಾಲ ಅಂತ ಬರ್ಕೋ, ಸುಮ್ಮನೆ ಕೊಟ್ಟರೆ ಬೇಡ ಅಂದರು. ಸರಿ ಅಂದೆ. ಅವರ ಲೆಕ್ಕದಲ್ಲಿ ಅದು ಸಾಲವಾಗೇ ಇರಲಿ, ವಾದ ಮಾಡೋಕೆ ಹೋಗಲಿಲ್ಲ. ನನ್ನ ಲೆಕ್ಕದಲ್ಲಿ ಅದು ದಾನವೂ ಅಲ್ಲ, ಸಾಲವೂ ಅಲ್ಲ, ಹಳೇ ಬಾಕಿ. ಅದನ್ನ ಕೊಟ್ಟ ಮಾತ್ರಕ್ಕೆ ಕೇಸ್ ಬಿದ್ದುಹೋಗಲ್ಲ, ಜೈಲಿನ ಮೂರು ತಿಂಗಳು ವಾಪಸ್ ಬರಲ್ಲ, ಕಾಯ್ದೆ ಬದಲಾಗಲ್ಲ. ಗಿಡಗಳನ್ನ ಕಿತ್ತು ಬಿಸಾಕಬೇಕಾ ಅಂತಲೂ ಯೋಚಿಸಿದೆ. ಕಿತ್ತರೆ ನನ್ನ ಮನಸ್ಸಿಗೆ ಹಗುರ, ಅಣ್ಣನಿಗೆ ಏನೂ ಇಲ್ಲ. ಹಾಗಾಗಿ ಬಿಟ್ಟೆ. ಡಿಸೆಂಬರ್‌ನಲ್ಲಿ ಕಟಾವು ಮಾಡಿದೆ, ಅಮ್ಮ ಆ ದಿನ ಹಾಲಿನಲ್ಲಿ ಕೂತು ಟಿವಿ ನೋಡಿದರು. ಜನವರಿಯಲ್ಲಿ ಅದೇ ಮಣ್ಣಿಗೆ ಹೊಸ ಬೀಜ ಹಾಕಿದೆ.

ಫೆಬ್ರವರಿಯಲ್ಲಿ ಅಮ್ಮ ಊರಿಗೆ ವಾಪಸ್ ಹೋದರು. ತೋಟದಲ್ಲಿ ಕಾಯಿ ಕೆಡವೋ ಕೆಲಸ ಬಂದಿದೆ. ಅಣ್ಣನನ್ನ ಕರೀತೀಯಾ ಅಂತ ಹೋದ ಭಾನುವಾರ ಫೋನಲ್ಲಿ ಕೇಳಿದೆ. ಕರೀತೀನಿ ಅನ್ನಲಿಲ್ಲ, ಕರೆಯಲ್ಲ ಅಂತಲೂ ಅನ್ನಲಿಲ್ಲ. "ನೋಡಾನ" ಅಂದರು. ಮೊದಲಾಗಿದ್ದರೆ ಅವನ ಗ್ರಾಚಾರ ಅಂತಿದ್ದರು. ಈ ಸಲ ಆ ಮಾತು ಬರಲಿಲ್ಲ.